ಒಳಮನೆಯ ಬಚ್ಚಲು ಸೋರದಂತೆ ಕಟ್ಟುವುದು ಹೇಗೆ?

ಮಲಗುವ ಕೋಣೆಯ ಗೋಡೆಯಲ್ಲಿ ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಬಂದಿದೆ. ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿದು ಒಳಗಿಂದ ಬಿಳಿ ಪುಡಿ ಉದುರುತ್ತದೆ. ಕೆರೆಸಿ, ಪುಟ್ಟಿ ಹಚ್ಚಿಸಿ, ಮತ್ತೆ ಬಣ್ಣ ಹೊಡೆಸಿದರೂ ವರ್ಷ ತುಂಬುವುದರೊಳಗೆ ಅದೇ ಕಥೆ. ಇಂಥ ಗೋಡೆಯ ಆಚೆ ಬದಿಗೆ ಹೋಗಿ ನೋಡಿ, ಬಹುತೇಕ ಅಲ್ಲೊಂದು ಬಚ್ಚಲಿರುತ್ತದೆ. ಟೈಲ್ಸ್ ಹೊಳೆಯುತ್ತಿರುತ್ತವೆ, ನಳ ತೊಟ್ಟಿಕ್ಕುತ್ತಿರುವುದಿಲ್ಲ, ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ದಿನಾ ಸುರಿಯುವ ನೀರಿನಲ್ಲಿ ಒಂದು ಪಾಲು ಟೈಲ್ಸ್ ಸಂದಿಯಿಂದ ಇಳಿದು, ಕೆಳಗೆ ನಿಂತು, ಗೋಡೆಯನ್ನು ಏರುತ್ತಿರುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳೆಯ ಮನೆಗಳಿಗೆ ಈ ಕಾಟ ಅಷ್ಟಾಗಿ ಇರಲಿಲ್ಲ. ಬಚ್ಚಲು ಹಿತ್ತಲ ಮೂಲೆಯಲ್ಲಿರುತ್ತಿತ್ತು. ಒಂದು ಕಡೆ ಹಂಡೆ ಕೂರಿಸಿದ ಒಲೆ, ಕಾಲಡಿಗೆ ಕಲ್ಲಿನ ಚಪ್ಪಡಿ, ಗೋಡೆಯಲ್ಲೊಂದು ಕಿಂಡಿ. ನೀರು ಸೋರಿದರೆ ಬಾಳೆಯ ಬುಡಕ್ಕೋ ಗಟಾರಕ್ಕೋ ಹೋಗುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಈಗ ಬಚ್ಚಲು ಮಲಗುವ ಕೋಣೆಯ ಪಕ್ಕಕ್ಕೆ ಬಂದಿದೆ, ಮಹಡಿ ಏರಿದೆ, ದೇವರ ಮನೆಯ ನೆತ್ತಿಯ ಮೇಲೂ ಕೂತಿದೆ. ಕಟ್ಟುವ ರೀತಿ ಮಾತ್ರ ಬಹಳ ಕಡೆ ಹಿತ್ತಲ ಬಚ್ಚಲಿನದೇ ಉಳಿದಿದೆ. ತೊಂದರೆಯ ಬೇರು ಇಲ್ಲಿದೆ.

ಟೈಲ್ಸ್ ಅಂಗಡಿಗಳಲ್ಲಿ ಈಗ ‘ವೆಟ್ ರೂಮ್’ ಎಂಬ ಹೆಸರು ಕೇಳಿಸುತ್ತದೆ. ಹೊಸ್ತಿಲು, ಕಟ್ಟೆ, ಸ್ನಾನಕ್ಕೊಂದು ಬೇರೆ ತೊಟ್ಟಿ ಯಾವುದೂ ಇಲ್ಲದೆ, ಕೋಣೆಯ ಇಡೀ ನೆಲ ಒಂದೇ ಕಡೆ ಇಳಿಜಾರಾಗಿ, ನೆಲ ಗೋಡೆ ಎರಡೂ ನೀರು ತಡೆಯುವಂತೆ ಕಟ್ಟಿದ ಬಚ್ಚಲು ಅದು. ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ರಾತ್ರಿ ಹೊತ್ತು ವಯಸ್ಸಾದವರು ಕತ್ತಲಲ್ಲಿ ಹಿತ್ತಲಿಗೆ ನಡೆಯುವುದನ್ನು ತಪ್ಪಿಸಲಿಕ್ಕಾದರೂ ಹಳೆಯ ಮನೆಯೊಳಗೆ ಇಂಥದ್ದೊಂದನ್ನು ಮಾಡಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಸರಿಯಾಗಿ ಮಾಡಿಸಬೇಕು.

ನೀರನ್ನು ತಡೆಯುವುದು ಯಾವುದು?

“ಟೈಲ್ಸ್ ಹಾಕಿದ ಮ್ಯಾಲೆ ನೀರು ಎಲ್ಲಿ ಇಳಿತೈತ್ರಿ?” ಗೌಂಡಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಉತ್ತರ: ಸಂದಿಯಲ್ಲಿ. ಟೈಲ್ಸ್‌ನೊಳಗೆ ನೀರು ಹೋಗದಿರಬಹುದು, ಆದರೆ ಎರಡು ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ, ಕಾಲಕ್ರಮೇಣ ಕೂದಲೆಳೆಯಷ್ಟು ಬಿರುಕೂ ಬಿಡುತ್ತದೆ. ಟೈಲ್ಸ್ ಇರುವುದು ಅಂದಕ್ಕೆ, ತೊಳೆಯುವ ಅನುಕೂಲಕ್ಕೆ. ನೀರು ತಡೆಯುವ ಪದರ ಅದರ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಇರಬೇಕು. ಇದು ಹೊಸ ಜ್ಞಾನವೇನಲ್ಲ. ಮೊಹೆಂಜೊದಾರೊದ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲದ ಮಹಾಸ್ನಾನಗೃಹದಲ್ಲಿ ಇಟ್ಟಿಗೆಯ ಹಿಂದೆ ನೈಸರ್ಗಿಕ ಡಾಂಬರಿನ ಪದರವೊಂದಿತ್ತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಕೆಲಸಗಾರರಿಗೂ ಇಟ್ಟಿಗೆಯ ಮೇಲೆ ಮಾತ್ರ ಭರವಸೆ ಇರಲಿಲ್ಲ.

ಮೊದಲು ನಿಮ್ಮ ನೆಲ ನೋಡಿ

ಸಿಂಧನೂರಿನ ಸುತ್ತಮುತ್ತ ಎರೆ ಭೂಮಿ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತದೆ, ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮನೆಯ ಕೆಳಗಿರುವುದೂ ಅದೇ ಮಣ್ಣು. ಬಚ್ಚಲಿನ ನೀರು ಒಂದೇ ಮೂಲೆಯಲ್ಲಿ ಇಳಿಯುತ್ತಿದ್ದರೆ ಆ ಮೂಲೆ ಮಾತ್ರ ಉಬ್ಬುತ್ತದೆ, ಉಳಿದದ್ದು ಒಣಗಿಯೇ ಇರುತ್ತದೆ. ಗೋಡೆಯಲ್ಲಿ ಓರೆಯಾಗಿ ಬಿರುಕು ಹುಟ್ಟುವುದು, ಬಾಗಿಲು ಬಿಗಿಯಾಗಿ ಹಾಕಲು ಬಾರದಿರುವುದು ಇದರಿಂದಲೇ. ಹೀಗಾಗಿ ಇಲ್ಲಿ ಬಚ್ಚಲು ಸೋರುವುದೆಂದರೆ ಬಣ್ಣ ಕೆಡುವ ಪ್ರಶ್ನೆಯಷ್ಟೇ ಅಲ್ಲ, ತಳಪಾಯದ ಪ್ರಶ್ನೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಕಡೆ ಇನ್ನೊಂದು ಕಷ್ಟವಿದೆ. ಗದ್ದೆಗೆ ಹತ್ತಿರದ ಊರು, ಕ್ಯಾಂಪುಗಳಲ್ಲಿ ನೆಲದೊಳಗಿನ ನೀರು ಮೇಲೆಯೇ ಇರುತ್ತದೆ, ಜೊತೆಗೆ ಸವಳು. ಅಲ್ಲಿ ತೇವ ಕೆಳಗಿನಿಂದಲೂ ಏರುತ್ತದೆ. ಬಚ್ಚಲಿಗೆ ದೂರವಿರುವ ಗೋಡೆಗಳೂ ಹೀಗೆಯೇ ಉದುರುತ್ತಿದ್ದರೆ ದೋಷ ಬಚ್ಚಲಿನದಲ್ಲ, ನೆಲದ್ದು. ಎರಡನ್ನೂ ಬೇರ್ಪಡಿಸಿ ನೋಡದೆ ಟೈಲ್ಸ್ ಒಡೆಸಬೇಡಿ. ಒಂದು ಸುಲಭ ಉಪಾಯ: ಆ ಬಚ್ಚಲನ್ನು ಎರಡು ಮೂರು ವಾರ ಬಳಸದೆ ಬಿಟ್ಟು ಗೋಡೆ ಒಣಗುತ್ತದೆಯೇ ನೋಡಿ. ಅಲ್ಲಿಗೆ ನೀರು ತರುವ ಪೈಪಿನ ವಾಲ್ವನ್ನೂ ಮುಚ್ಚಿಡಿ. ಒಣಗತೊಡಗಿದರೆ ಕಳ್ಳ ಸಿಕ್ಕಿದ.

ಲಿಂಗಸುಗೂರು, ಮುದಗಲ್ಲು, ಮಸ್ಕಿಯ ಗುಡ್ಡದ ಬದಿಯಲ್ಲಿ ಗರಸು, ಬಂಡೆ ಬೇಗ ಸಿಗುತ್ತವೆ. ಅಲ್ಲಿ ತಳಪಾಯದ ಭಯ ಕಡಿಮೆ. ಆದರೆ ಪೈಪ್ ಹೂಳಲು ಬಂಡೆ ಒಡೆಯಬೇಕಾಗುತ್ತದೆ, ಆಗ ಇಳಿಜಾರು ಕೊಡದೆ ಮೇಲ್ಮೇಲೆಯೇ ಹಾಯಿಸಿಬಿಡುವ ಆಸೆ ಹುಟ್ಟುತ್ತದೆ. ಎಚ್ಚರವಿರಲಿ.

ಹಳೆಯ ಮಾಳಿಗೆ ಮನೆಯಾದರೆ

ಮಣ್ಣಿನ ಗೋಡೆಗೂ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗೂ ನೇರವಾಗಿ ಟೈಲ್ಸ್ ಅಂಟಿಸಬೇಡಿ. ಅಂಥ ಗೋಡೆ ಉಸಿರಾಡುತ್ತದೆ, ತೇವ ಹೀರಿ ಬಿಡುತ್ತದೆ. ಸಿಮೆಂಟ್ ಮತ್ತು ಟೈಲ್ಸ್ ಹೊದಿಸಿದರೆ ಒಳಗಿನ ತೇವ ಹೊರಬರಲಾಗದೆ ಮಣ್ಣು ಮೆತ್ತಗಾಗುತ್ತದೆ. ಹಳೆಯ ಗೋಡೆಯಿಂದ ಒಂದೆರಡು ಇಂಚು ಬಿಟ್ಟು, ಒಳಗೆ 4 ಇಂಚಿನ ಬೇರೆ ಗೋಡೆ ಕಟ್ಟಿ, ಬಚ್ಚಲನ್ನು ಆ ಗೋಡೆಗಳೊಳಗೆ ಮಾಡಿಸಿ. ಒಂದೆರಡಡಿ ಜಾಗ ಹೋಗುತ್ತದೆ ಎಂದು ಕೊರಗುವುದು ಬೇಡ. ಇನ್ನೂ ಒಳ್ಳೆಯದೆಂದರೆ ಹಿತ್ತಲ ಕಡೆ ಮನೆಗೆ ತಾಗಿಕೊಂಡೇ ಹೊಸ ತಳಪಾಯದ ಮೇಲೆ ಬಚ್ಚಲು ಕಟ್ಟಿ, ಒಳಗಿನಿಂದ ಬಾಗಿಲು ತೆಗೆಸುವುದು. ಹಳೆಯ ಗೋಡೆ, ಹೊಸ ಗೋಡೆ ಕೂಡುವಲ್ಲಿ ಬೆಸುಗೆ ಹಾಕದೆ ಅರ್ಧ ಇಂಚಿನ ಸಂದಿ ಬಿಟ್ಟು, ಮೃದುವಾದ ಸೀಲೆಂಟ್ ತುಂಬಿಸಬೇಕು. ಎರಡೂ ಬೇರೆ ಬೇರೆ ರೀತಿಯಲ್ಲಿ ಕುಸಿಯುವುದರಿಂದ ಬಿಗಿಯಾಗಿ ಕೂಡಿಸಿದರೆ ಸೀಳುವುದು ಖಂಡಿತ.

ಜಂತಿ ತೊಲೆಗಳ ಮಾಳಿಗೆಯ ಮೇಲೆ ಮಾತ್ರ ಯಾವ ಕಾರಣಕ್ಕೂ ಬಚ್ಚಲು ಬೇಡ. ಭಾರವೂ ತಾಳದು, ತೇವಕ್ಕೆ ಮರವೂ ಉಳಿಯದು.

ಕೆಲಸದ ಕ್ರಮ

1. ನೆಲ ಗಟ್ಟಿ ಮಾಡಿ. ನೆಲಮಟ್ಟದ ಬಚ್ಚಲಾದರೆ ಎರೆ ಮಣ್ಣನ್ನು ಕನಿಷ್ಠ ಎರಡು ಅಡಿ ತೆಗೆಸಿ. ಹಳೆಯ ಗೋಡೆಯ ಪಕ್ಕದಲ್ಲಿ ಅದರ ತಳಪಾಯಕ್ಕಿಂತ ಕೆಳಗೆ ಅಗೆಯಬಾರದು. ಗುಂಡಿಗೆ ಗರಸು ತುಂಬಿ, ಆರಾರು ಇಂಚಿಗೊಮ್ಮೆ ನೀರು ಹಾಯಿಸಿ ದಿಮ್ಮಸು ಹೊಡೆಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ 4 ಇಂಚು ಕಾಂಕ್ರೀಟ್. ಅದರೊಳಗೆ ಕಬ್ಬಿಣದ ಜಾಲಿ ಇರಲಿ. ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬುವವರಿದ್ದಾರೆ. ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

2. ಪೈಪ್ ಮೊದಲು, ಪರೀಕ್ಷೆ ಆಮೇಲೆ, ಮುಚ್ಚುವುದು ಕೊನೆಗೆ. ಕಮೋಡಿಗೆ 110 ಮಿ.ಮೀ., ನೆಲದ ನೀರಿಗೆ 75 ಮಿ.ಮೀ. ಪೈಪ್. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ಹೊರಹೋಗುವ ದೊಡ್ಡ ಪೈಪಿಗೆ 10 ಅಡಿಗೆ 2 ಇಂಚಿನಷ್ಟು ಇಳಿಜಾರು ಕೊಡಿ. ಪೈಪ್ ಗೋಡೆ ದಾಟುವಲ್ಲಿ ಅದಕ್ಕಿಂತ ದೊಡ್ಡದೊಂದು ಪೈಪಿನ ತುಂಡು ಹುಗಿದು, ಅದರೊಳಗಿಂದ ಹಾಯಿಸಿ, ನಡುವಿನ ಸಂದಿಗೆ ಸೀಲೆಂಟ್ ತುಂಬಿ. ನೆಲ ಕುಸಿದರೂ ಪೈಪ್ ತುಂಡಾಗುವುದಿಲ್ಲ. ನಳದ ಪೈಪುಗಳಲ್ಲಿ ಒತ್ತಡದ ಪಂಪು ಹಾಕಿ ಒಂದು ರಾತ್ರಿ ಬಿಟ್ಟು, ಮೀಟರಿನ ಮುಳ್ಳು ಇಳಿದಿದೆಯೇ ನೋಡಿ. ಗಿಲಾವ್ ಮಾಡುವ ಮುನ್ನ ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು. ಮುಂದೆ ಮೊಳೆ ಹೊಡೆಯುವಾಗ ಅದೇ ನಕ್ಷೆ.

3. ಟ್ರ್ಯಾಪಿನ (ನೆಲದ ನೀರು ಪೈಪಿಗೆ ಇಳಿಯುವಲ್ಲಿ ಕೂರಿಸುವ ಬಟ್ಟಲಿನ) ಕೊರಳು. ಇಡೀ ಬಚ್ಚಲಿನಲ್ಲಿ ಅತಿ ಹೆಚ್ಚು ಸೋರುವ ಜಾಗ ಇದೇ, ಅತಿ ಕಡಿಮೆ ಗಮನ ಸಿಗುವ ಜಾಗವೂ ಇದೇ. ಹೀಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಟ್ರ್ಯಾಪ್ ನುಣುಪು, ಕಾಂಕ್ರೀಟ್ ಅದನ್ನು ಹಿಡಿಯುವುದಿಲ್ಲ. ಒಣಗಿದಾಗ ಕಾಂಕ್ರೀಟ್ ಕುಗ್ಗಿ ಸುತ್ತಲೂ ಕಣ್ಣಿಗೆ ಕಾಣದ ಉಂಗುರದಂಥ ಬಿರುಕು ಬಿಡುತ್ತದೆ. ನೆಲದ ನೀರೆಲ್ಲ ಹರಿದು ಬರುವುದು ಅಲ್ಲಿಗೇ. ಅದಕ್ಕೆ ಟ್ರ್ಯಾಪಿನ ಹೊರಮೈಯನ್ನು ಮೊದಲು ಉಪ್ಪುಕಾಗದದಿಂದ ತಿಕ್ಕಿ ಒರಟು ಮಾಡಬೇಕು. ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚಿ, ಹಸಿಯಿರುವಾಗಲೇ ಒಣ ಉಸುಕು ಉದುರಿಸಬೇಕು. ಒಣಗಿದ ಮೇಲೆ ಅದು ಒರಟು ಚರ್ಮದಂತಾಗಿ ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸುತ್ತಲಿನ ಸಂದಿಗೆ ಸಾದಾ ಗಾರೆ ಬೇಡ, ಒಣಗಿದರೂ ಕುಗ್ಗದ ಗ್ರೌಟ್ ಎಂದು ಕೇಳಿ ತಂದು ತುಂಬಿಸಿ. ಟ್ರ್ಯಾಪಿನೊಳಗೆ ಕನಿಷ್ಠ 50 ಮಿ.ಮೀ. ನೀರು ನಿಲ್ಲುವಂಥದ್ದನ್ನೇ ಕೊಳ್ಳಿ. ಗಟಾರದ ವಾಸನೆ, ಜಿರಳೆ ತಡೆಯುವುದು ಆ ನೀರು.

4. ಇಳಿಜಾರು ಟೈಲ್ಸ್‌ಗಿಂತ ಮೊದಲು. ಗೌಂಡಿಗಳ ಮಾತಿನಲ್ಲಿ ವಾಟ. ಟೈಲ್ಸ್ ಕೂರಿಸುವಾಗ ವಾಟ ಮಾಡಿಕೊಳ್ಳೋಣ ಎಂದರೆ ಒಪ್ಪಬೇಡಿ. ಕೆಳಗಿನ ಗಾರೆಯಲ್ಲೇ ವಾಟ ಬರಬೇಕು. ಆಗ ಟೈಲ್ಸ್ ಸಂದಿಯಿಂದ ಇಳಿದ ನೀರು ಕೂಡ ಪದರದ ಮೇಲೆ ಹರಿದು ಟ್ರ್ಯಾಪನ್ನೇ ಸೇರುತ್ತದೆ. ಸ್ನಾನದ ಜಾಗದಲ್ಲಿ ಒಂದು ಅಡಿಗೆ ಕಾಲು ಇಂಚು. 5 ಅಡಿ ದೂರದ ಮೂಲೆಯಿಂದ ಟ್ರ್ಯಾಪಿಗೆ ಬರುವಷ್ಟರಲ್ಲಿ ಒಂದೂಕಾಲು ಇಂಚು ಇಳಿದಿರಬೇಕು. ಉಳಿದ ಕಡೆ ಅದರ ಅರ್ಧದಷ್ಟು ಸಾಕು. ಬಾಗಿಲಿನಿಂದ ಟ್ರ್ಯಾಪ್ ದೂರವಿದ್ದಷ್ಟೂ ಒಳ್ಳೆಯದು. ಗಾರೆ ಒಣಗಿದ ಮೇಲೆ ಬಾಗಿಲ ಬಳಿ ಒಂದು ಚೆಂಬು ನೀರು ಚೆಲ್ಲಿ, ಅದು ಯಾವ ದಾರಿ ಹಿಡಿಯುತ್ತದೆ ನೋಡಿ.

5. ಮೂಲೆಗಳಿಗೆ ಗೋಲಾ. ನೆಲ ಗೋಡೆ ಕೂಡುವಲ್ಲಿ ಚೂಪು ಮೂಲೆಯಿದ್ದರೆ ಪದರ ಅಲ್ಲೇ ಸೀಳುತ್ತದೆ. ಸಿಮೆಂಟಿನಿಂದ ಸುತ್ತಲೂ ಬಾಗಿದ ಅಂಚು ಮಾಡಿಸಿ.

6. ನೀರು ತಡೆಯುವ ಪದರ. ಅಂಗಡಿಯಲ್ಲಿ ಪುಡಿ ಮತ್ತು ದ್ರವ ಎರಡೂ ಸೇರಿದ, ಪಾಲಿಮರ್ ಬೆರೆತ ಸಿಮೆಂಟ್ ಲೇಪ ಸಿಗುತ್ತದೆ. ಸಿಮೆಂಟಿಗೆ ಒಂದಿಷ್ಟು ದ್ರವ ಕಲಸಿ ಬಳಿಯುವುದು ಅದಕ್ಕೆ ಸಮವಲ್ಲ. ನೆಲ ಗುಡಿಸಿ, ದೂಳು ತೊಳೆದು, ನೀರು ನಿಲ್ಲದಷ್ಟು ಹಸಿ ಇರುವಾಗ ಮೊದಲ ಲೇಪ ಕೊಡಿಸಿ. ಮೂಲೆ ಮತ್ತು ಟ್ರ್ಯಾಪಿನ ಸುತ್ತ ಫೈಬರ್ ಜಾಲಿ ಪಟ್ಟಿ ಅಂಟಿಸಿ. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಬಳಿಯಬೇಕು, ಅಂದರೆ ಮೊದಲ ಸಲ ಉದ್ದಕ್ಕೆ, ಎರಡನೇ ಸಲ ಅಗಲಕ್ಕೆ. ಬ್ರಷ್ ಬಿಟ್ಟ ಸೂಜಿಮೊನೆಯ ತೂತುಗಳು ಹೀಗೆ ಮುಚ್ಚುತ್ತವೆ. ಲೇಪ ಟ್ರ್ಯಾಪಿನ ಬಾಯಿಯೊಳಗೂ ಇಳಿಯಬೇಕು. ಗೋಡೆಯ ಮೇಲೆ ಎಲ್ಲ ಕಡೆ ಒಂದು ಅಡಿ, ಸ್ನಾನದ ಜಾಗದಲ್ಲಿ 7 ಅಡಿ. ಬಾಗಿಲ ಬಳಿ ಹೊರಗಿನ ಕೋಣೆಯ ಕಡೆಗೂ ಅರ್ಧ ಅಡಿ ದಾಟಿಸಿ. ಹೊಸ್ತಿಲಿಲ್ಲದ ಬಚ್ಚಲಿನಲ್ಲಿ ಈ ಅರ್ಧ ಅಡಿ ಬಿಟ್ಟರೆ ಹೊರಗಿನ ಟೈಲ್ಸ್ ಕೆಳಗೆ ನೀರು ನುಗ್ಗುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಳಿದ ಲೇಪ ನೋಡನೋಡುತ್ತಲೇ ಒಣಗಿ ಬಿರುಕು ಬಿಡುತ್ತದೆ. ಸಂಜೆ ಇಳಿಹೊತ್ತಿನಲ್ಲಿ, ಕಿಟಕಿ ಮುಚ್ಚಿ ಬಳಿಸಿ. ಗಾರೆ, ಕಾಂಕ್ರೀಟ್ ಕಲಸಲು ಸವಳು ನೀರು ಬೇಡ, ಕುಡಿಯುವ ನೀರನ್ನೇ ಬಳಸಿ.

7. ನೀರು ನಿಲ್ಲಿಸಿ ಪರೀಕ್ಷೆ. ಇದನ್ನು ಬಿಟ್ಟರೆ ಹಿಂದಿನ ಆರೂ ಕೆಲಸ ನಂಬಿಕೆಯ ಮೇಲೆ ನಿಂತಂತೆ. ಲೇಪ ಎರಡು ಮೂರು ದಿನ ಒಣಗಿದ ಮೇಲೆ ಟ್ರ್ಯಾಪಿನ ಬಾಯಿಗೆ ಬಿರಡೆ ಹಾಕಿ, ಬಾಗಿಲಿಗೆ ಗಾರೆಯ ತಾತ್ಕಾಲಿಕ ಒಡ್ಡು ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲೊಂದು ಬಕೆಟಿನಲ್ಲೂ ನೀರಿಟ್ಟು ಗೆರೆ ಹಾಕಿ. ಬೇಸಿಗೆಯಲ್ಲಿ ನೀರು ಆವಿಯಾಗಿಯೂ ಇಳಿಯುತ್ತದಲ್ಲ, ಬಕೆಟಿಗಿಂತ ನೆಲದಲ್ಲಿ ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ ಎಂದರ್ಥ. 48 ಗಂಟೆ ಬಿಡಿ. ಮಹಡಿಯದಾದರೆ ಕೆಳಗಿನ ಚಾವಣಿಯನ್ನೂ, ಪೈಪ್ ಇಳಿಯುವ ಮೂಲೆಯನ್ನೂ ಕೈಯಿಂದ ಮುಟ್ಟಿ ನೋಡಿ. ಗೌಂಡಿಯ ಪಗಾರದ ಕೊನೆಯ ಕಂತನ್ನು ಈ ಪರೀಕ್ಷೆ ಮುಗಿದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.

8. ಟೈಲ್ಸ್. ನೆಲಕ್ಕೆ ನುಣುಪಿನದು ಬೇಡವೇ ಬೇಡ. ಸ್ನಾನದ ಜಾಗದಲ್ಲಿ ಚಿಕ್ಕ ಟೈಲ್ಸ್ ಹಾಕಿದರೆ ವಾಟ ಸುಲಭ, ಸಂದಿ ಹೆಚ್ಚಿರುವುದರಿಂದ ಕಾಲಿಗೂ ಹಿಡಿತ. ಕಲ್ಲೇ ಬೇಕೆಂದರೆ ಇಳಕಲ್ಲಿನ ಕೆಂಪು ಗ್ರಾನೈಟ್ ಹತ್ತಿರದಲ್ಲೇ ಸಿಗುತ್ತದೆ, ಪಾಲಿಶ್ ಮಾಡದ ಒರಟು ಮೈಯದನ್ನು ಕೇಳಿ. ಬಾಗಿಲ ಚೌಕಟ್ಟಿಗೂ ಕಲ್ಲೇ ಉತ್ತಮ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲವಾದ್ದರಿಂದ ಸಿಮೆಂಟ್ ಹಾಲು ಅದನ್ನು ಹಿಡಿಯದು, ಟೈಲ್ಸ್ ಅಂಟನ್ನೇ ಬಳಸಬೇಕು. ಅಂಟನ್ನು ಹಲ್ಲಿನ ಕರಣೆಯಿಂದ ಟೈಲ್ಸ್‌ನ ಇಡೀ ಬೆನ್ನಿಗೆ ಹರಡಿಸಿ. ನಾಲ್ಕು ಮೂಲೆ, ನಡುವೊಂದು ಮುದ್ದೆ ಇಟ್ಟು ಒತ್ತಿದರೆ ಒಳಗೆ ಪೊಳ್ಳು ಉಳಿದು ನೀರು ತುಂಬುತ್ತದೆ. ಮರುದಿನ ನಾಣ್ಯದಿಂದ ಬಡಿದು ನೋಡಿ: ಗಟ್ಟಿ ಕೂತದ್ದು ಮಂದವಾಗಿ ಸದ್ದು ಮಾಡುತ್ತದೆ, ಪೊಳ್ಳು ಟಣ್ ಎನ್ನುತ್ತದೆ. ಸಂದಿ 2–3 ಮಿ.ಮೀ. ಬಿಟ್ಟು ಎಪಾಕ್ಸಿ ಗ್ರೌಟ್ ತುಂಬಿಸಿ. ಬೆಲೆ ಜಾಸ್ತಿ, ಆದರೆ ನಮ್ಮ ಬೋರಿನ ಗಡಸು ನೀರಿಗೆ ಅದೇ ತಾಳುತ್ತದೆ.

ಮಹಡಿಯ ಬಚ್ಚಲಿಗೆ ಒಂದು ಮಾತು

ಸ್ಲ್ಯಾಬನ್ನು 9–12 ಇಂಚು ತಗ್ಗಿಸಿ, ಆ ಗುಂಡಿಗೆ ಇಟ್ಟಿಗೆ ಚೂರು ತುಂಬಿ ಮುಚ್ಚುವುದು ರೂಢಿ. ಇಟ್ಟಿಗೆ ಚೂರು ನೀರು ಹೀರಿಟ್ಟುಕೊಳ್ಳುತ್ತದೆ. ಒಮ್ಮೆ ತುಂಬಿದರೆ ತಿಂಗಳುಗಟ್ಟಲೆ ಕೆಳಗಿನ ಚಾವಣಿಗೆ ತೊಟ್ಟಿಕ್ಕುತ್ತದೆ. ಹಾಗಾಗಿ ಲೇಪ ಎರಡು ಕಡೆ ಬೇಕು: ತಗ್ಗಿದ ಸ್ಲ್ಯಾಬಿನ ತಳದಲ್ಲಿ ಒಂದು, ಮೇಲಿನ ವಾಟದ ಗಾರೆಯ ಮೇಲೆ ಇನ್ನೊಂದು. ತಳದ ಮೂಲೆಯಿಂದ ಒಂದು ಸಣ್ಣ ಪೈಪನ್ನು ಹೊರಗೋಡೆಗೆ ತೆಗೆದಿಡಿ. ಅಲ್ಲಿಂದ ನೀರು ಬರತೊಡಗಿದರೆ ಮೇಲೆ ಎಲ್ಲೋ ತೂತಾಗಿದೆ ಎಂದು, ಚಾವಣಿ ಕೆಡುವ ಮೊದಲೇ ಗೊತ್ತಾಗುತ್ತದೆ. ತುಂಬಲು ಇಟ್ಟಿಗೆ ಚೂರಿನ ಬದಲು ಹಗುರ ಬ್ಲಾಕಿನ ತುಂಡು ಸಿಕ್ಕರೆ ಸ್ಲ್ಯಾಬಿನ ಮೇಲಿನ ಭಾರವೂ ಇಳಿಯುತ್ತದೆ.

ವಯಸ್ಸಾದವರಿಗಾಗಿ ಮಾಡಿಸುವಾಗ

ಬಾಗಿಲು 3 ಅಡಿ ತೆರವು ಇರಲಿ, ಹೊರಗೆ ತೆರೆಯಲಿ. ಒಳಗೆ ಬಿದ್ದವರ ಮೈ ಅಡ್ಡವಿದ್ದರೆ ಒಳಗೆ ತೆರೆಯುವ ಬಾಗಿಲನ್ನು ನೂಕಲಾಗುವುದಿಲ್ಲ. ಗಾಲಿಕುರ್ಚಿ ತಿರುಗಲು 5 ಅಡಿ ವ್ಯಾಸದ ತೆರವು ಜಾಗ ಬೇಕು. ಹಿಡಿಕೆ ಕಂಬಿ ನೆಲದಿಂದ ಸುಮಾರು 33 ಇಂಚು ಎತ್ತರದಲ್ಲಿ, ಕಮೋಡಿನ ಪಕ್ಕದಲ್ಲೊಂದು, ಸ್ನಾನದ ಜಾಗದಲ್ಲೊಂದು. ಟೈಲ್ಸ್ ಮೇಲೆ ಒತ್ತಿ ಅಂಟಿಸುವ ಕಂಬಿಯನ್ನು ನಂಬಬೇಡಿ. ಗಟ್ಟಿ ಗೋಡೆಗೆ ಬೋಲ್ಟ್ ಹಾಕಬೇಕು, ತೂತಿನೊಳಗೆ ಮೊದಲು ಸಿಲಿಕೋನ್ ತುಂಬಬೇಕು. ಇಲ್ಲದಿದ್ದರೆ ಆ ತೂತೇ ನೀರಿಗೆ ದಾರಿ.

ಜೀವಕ್ಕೆ ಸಂಬಂಧಿಸಿದ ಎಚ್ಚರ

ಗ್ಯಾಸ್ ಗೀಜರನ್ನು ಬಚ್ಚಲೊಳಗೆ ಕೂರಿಸಬೇಡಿ. ಗಾಳಿಯಾಡದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಸ್ನಾನ ಮಾಡುತ್ತಿದ್ದವರು ಕುಸಿದು ಬಿದ್ದ ಮೇಲೆಯೇ ಹೊರಗಿನವರಿಗೆ ತಿಳಿಯುವುದು. ಗ್ಯಾಸ್ ಗೀಜರ್ ಹೊರಗೆ, ಬಯಲು ಗಾಳಿಯಲ್ಲಿ ಇರಲಿ. ವಿದ್ಯುತ್ ಗೀಜರಾದರೆ ಅದರ ಸ್ವಿಚ್ ಬಾಗಿಲ ಹೊರಗೆ, ಅರ್ಥಿಂಗ್ ಸರಿಯಾಗಿ, ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಕರೆಂಟ್ ಹೋಗಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಲೇಪ ಬಳಿದ ಮರುದಿನವೇ ಅದರ ಮೇಲೆ ಏಣಿ, ಉಸುಕಿನ ಬುಟ್ಟಿ ಎಳೆದಾಡುವುದು ಮೊದಲನೆಯದು. ಲೇಪದಲ್ಲಿ ಒಂದು ಗೀರು ಬಿದ್ದರೆ ಸಾಕು, ನೀರು ಇಳಿಯುತ್ತದೆ. ಗೋಣಿಚೀಲ ಹಾಸಿಯೇ ಓಡಾಡಲಿ. ನೀರಿನ ಪರೀಕ್ಷೆಯಾದ ಮೇಲೆ ಪ್ಲಂಬರ್ ಬಂದು ಕಮೋಡಿಗಾಗಿ ನೆಲ ಕೊರೆಯುವುದು ಎರಡನೆಯದು. ಕೊರೆಯಲೇಬೇಕಾದರೆ ಆ ಜಾಗಕ್ಕೆ ಮತ್ತೆ ಲೇಪ, ಮತ್ತೆ ಪರೀಕ್ಷೆ.

ಎರೆ ನೆಲದಲ್ಲಿ ಮನೆಗೆ ತಾಗಿಕೊಂಡೇ ಇಂಗುಗುಂಡಿ ತೋಡುವುದು ಇನ್ನೂ ದೊಡ್ಡ ತಪ್ಪು. ಎರೆ ಮಣ್ಣು ನೀರು ಬೇಗ ಇಂಗಿಸಿಕೊಳ್ಳುವುದಿಲ್ಲ, ಗುಂಡಿ ತುಂಬಿ ನೀರು ತಳಪಾಯದ ಕಡೆ ತಿರುಗುತ್ತದೆ. ಒಳಚರಂಡಿ ಇದ್ದರೆ ಅದಕ್ಕೆ ಕೂಡಿಸಿ. ಇಲ್ಲವಾದರೆ ಸೋರದ ಪೈಪಿನಲ್ಲಿ ದೂರ ಒಯ್ಯಿರಿ. ಇಂಗುಗುಂಡಿಯಿಂದ ಬಾವಿ, ಬೋರಿಗೆ ಕನಿಷ್ಠ 50 ಅಡಿ ಅಂತರವಿರಲಿ.

ಬಳಕೆ ಶುರುವಾದ ಮೇಲೆ

ಗಡಸು ನೀರಿನ ಬಿಳಿ ಕಲೆ ತೆಗೆಯಲು ಅಂಗಡಿಯ ಆ್ಯಸಿಡ್ ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಸಿಮೆಂಟ್ ಗ್ರೌಟನ್ನು ತಿಂದುಹಾಕುತ್ತದೆ, ಹೊಗೆ ಶ್ವಾಸಕ್ಕೂ ಕೆಟ್ಟದ್ದು. ಲಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ಸಾಕು. ಗ್ರಾನೈಟ್ ಇರುವ ಕಡೆ ಅದನ್ನೂ ಹಚ್ಚದೆ ಸಾಬೂನಿನ ನೀರಿನಿಂದಲೇ ತೊಳೆಯಿರಿ. ಟ್ರ್ಯಾಪಿನ ಜಾಲರಿ ಎತ್ತಿ ಕೂದಲು ತೆಗೆಯುವುದು ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದಾಗ ಬಚ್ಚಲು ನಾರುತ್ತಿದ್ದರೆ ಗಾಬರಿ ಬೇಡ, ಟ್ರ್ಯಾಪಿನ ನೀರು ಬತ್ತಿದೆ ಅಷ್ಟೆ. ಒಂದು ಚೆಂಬು ನೀರು ಹಾಕಿ, ಅರ್ಧ ಗಂಟೆ ಕಿಟಕಿ ತೆಗೆದಿಡಿ.